ಪಾನಾ ಹಚ್ಚಿ ಟ್ರ್ಯಾಕ್ಟರ್ ಚಾಲೂ ಮಾಡೋದು ಜಾಣತನ ಅಲ್ಲ

ಅಕ್ಕಾರ, ತಂಗೇರ, ಹಿಂಗಾರಿ ಬಿತ್ತಿಗಿ ಬಂತು. ಓಣ್ಯಾಗ ದಿನಾ ಮುಂಜಾನೆ ಒಂದೇ ಮಾತು: "ಸೆಲ್ಫ್ ಹೊಡೀವಲ್ದು." ಅದರ ಬೆನ್ನಿಗೇ ಇನ್ನೊಂದು: "ಏ, ಪಾನಾ ತಗೊಂಡು ಬಾ." ದೊಡ್ಡ ಗಾಲಿ ಮುಂದ ನಿಂತು ಸೆಲ್ಫಿನ ಎರಡು ಬೋಲ್ಟಿಗೆ ಪಾನಾ ಅಡ್ಡ ಹಚ್ಚತಾರ. ಕಿಡಿ ಹಾರತಾವ, ಇಂಜಿನ್ ಚಾಲೂ ಆಗತೈತಿ, ಸುತ್ತ ನಿಂತಾವರು ಭೇಷ್ ಅಂತಾರ. ಈ ಭೇಷ್ ಅನ್ನೋದರ ಮ್ಯಾಲೇ ನನ್ನ ಜಗಳ.

ಈಗಿನ ಭಾಳಷ್ಟು ಟ್ರ್ಯಾಕ್ಟರಿನೊಳಗ ಕ್ಲಚ್ ತುಳೀಲಾರದ ಚಾವಿ ತಿರುವಿದರ ಸೆಲ್ಫ್ ತಿರಗಂಗಿಲ್ಲ. ಕ್ಲಚ್ಚಿನ ಹಂತೇಕ ಒಂದು ಸಣ್ಣ ಸ್ವಿಚ್ ಇಟ್ಟಿರತಾರ. ಗೇರ್ ಬಿದ್ದಿದ್ದಾಗ ಗಾಡಿ ಚಾಲೂ ಆಗಿ ಮುಂದ ಜಿಗೀಬಾರದು ಅಂತ. ಪಾನಾ ಹಚ್ಚಿದರ ಕರೆಂಟ್ ಆ ಸ್ವಿಚ್ಚಿನ ಗೊಡವಿಗೇ ಹೋಗದ ನೇರ ಸೆಲ್ಫಿಗೆ ಹೋಗತೈತಿ. ಗೇರ್ ಬಿದ್ದಿದ್ರ ಸೀಟಿನ ಮ್ಯಾಲ ಯಾರೂ ಇಲ್ಲದ ಟ್ರ್ಯಾಕ್ಟರ್ ಹೊಂಟೇ ಬಿಡತೈತಿ. ಪಾನಾ ಹಿಡಿದಾಂವ ನಿಂತದ್ದೆಲ್ಲಿ? ಹಿಂದಿನ ಗಾಲಿ ಬರೋ ದಾರ್ಯಾಗ. ಬಾಜೂಕ ಸರಿಯಾಕ ಟೈಮೇ ಸಿಗಂಗಿಲ್ಲ.

"ನ್ಯೂಟ್ರಲ್ ಐತಿ ಅಂತ ನೋಡೇ ಹಚ್ಚತೇವಿ" ಅಂತಾರ. ಬ್ರೇಕ್ ಹಿಡಿಯಂಗಿಲ್ಲ ಅಂತ ರಾತ್ರಿ ಗೇರ್ ಹಾಕಿ ನಿಲ್ಲಿಸಾವರು ಇವರೇ. ಮುಂಜಾನೆ ಎದ್ದು ಸೀಟಿನ ಮ್ಯಾಲ ಹತ್ತಿ ಲಿವರ್ ಜಗ್ಗಾವು ನಮ್ಮ ಮನಿ ಹುಡುಗೂರು. ನೆಲದ ಮ್ಯಾಲ ನಿಂತಾಂವಗ ಇದೆಲ್ಲಾ ಹೆಂಗ ಕಾಣಬೇಕು?

"ಹದ ಹೋಗತೈತಿ, ಮೇಸ್ತ್ರಿ ಬರೂತನಕ ಕುಂದ್ರೂದೇನು?" ಅಂತನೂ ಕೇಳತಾರ. ಕುಂದರಬ್ಯಾಡ್ರಿ. ಸೆಲ್ಫ್ ಹೋತು ಅಂತ ಬಾಯಿ ಬಡಕೊಳ್ಳೋ ಮದಲ ಬ್ಯಾಟರಿ ನೋಡ್ರಿ. ಭಾಳ ಸಲ ತಪ್ಪು ಇರೋದು ಬ್ಯಾಟರ್ಯಾಗ ಇಲ್ಲಾ ವಾಯರಿನ ತುದ್ಯಾಗ.

ಹೆಂಗಸರಿಗೆ ಮಷೀನು ತಿಳಿಯಂಗಿಲ್ಲ ಅನ್ನಾವರಿಗೆ ಒಂದು ಮಾತು. ಕುಕ್ಕರಿನ ಸಪ್ಪಳದ ಮ್ಯಾಲ ಒಳಗ ನೀರು ಎಷ್ಟೈತಿ ಅಂತ ಹೇಳಾವರು ನಾವು. ಸೆಲ್ಫಿನ ಸಪ್ಪಳ ಅದಕ್ಕಿಂತ ಕಠಿಣ ಇಲ್ಲ. ಟಕ ಟಕ ಟಕ ಅಂತ ಒಂದೇ ಸವನ ಬಡಕೊಂಡ್ರ ಬ್ಯಾಟರಿ ಇಳಿದೈತಿ, ಇಲ್ಲಾ ತುದಿ ಸಡ್ಲ ಆಗೈತಿ. ಸೆಲ್ಫ್ ಗುಂಯ್ ಅಂತ ತಿರಗಿ ಇಂಜಿನ್ ತಿರಗದಿದ್ರ ಅದರ ಹಲ್ಲು ಕೂಡವಲ್ದು. ಅದು ಮೇಸ್ತ್ರಿ ಕೆಲಸ. ಸಪ್ಪಳನೇ ಇಲ್ಲ ಅಂದ್ರ ಹೆಡ್‌ಲೈಟ್ ಹಚ್ಚಿ ಚಾವಿ ತಿರುವಾಕ ಹೇಳ್ರಿ, ನೀವು ಮುಂದ ಅಲ್ಲ, ದೂರ ಮಗ್ಗಲಿಗೆ ನಿಂತು ನೋಡ್ರಿ. ಲೈಟ್ ಸತ್ತಂಗಾದ್ರ ಬ್ಯಾಟರಿ, ವಾಯರಿಂದು ತಕರಾರು. ಲೈಟ್ ಹಂಗೇ ಉರದ್ರ ಫ್ಯೂಸ್, ಚಾವಿ, ಕ್ಲಚ್ಚಿನ ಸ್ವಿಚ್ ನೋಡಬೇಕು. ಮೀಟರ್ ಇದ್ದಾವರ ಮನ್ಯಾಗ ಇನ್ನೂ ಸುಲಭ: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಸತೈತಿ, 12ರ ಕೆಳಗ ಬಂದ್ರ ಚಾರ್ಜಿಗೆ ಹಾಕಬೇಕು.

ಬ್ಯಾಟರಿ ತುದಿಗೆ ಬಿಳೇದು, ಹಸರಂದು ಪುಡಿ ಕೂತಿರತೈತಲ್ಲ, ಅದಕ್ಕ ನಮ್ಮ ಅಡಗಿ ಸೋಡಾನೇ ಔಷಧ. ಮದಲ ಮೈನಸ್ ವಾಯರ್ ಬಿಚ್ಚಬೇಕು, ಹಾಕೂಮುಂದ ಅದನ್ನ ಕಡೀಕೆ ಹಾಕಬೇಕು. ಉಲ್ಟಾ ಮಾಡಿದ್ರ ಪಾನಾ ಗಾಡಿ ಮೈಗೆ ತಾಗಿ ಕಿಡಿ ಹಾರತೈತಿ. ಬಂಗಾರದ ಬಳಿ, ಉಂಗರ ತಗದಿಡ್ರಿ. ಬಿಸಿನೀರಾಗ ಸೋಡಾ ಕಲಸಿ ಹಳೇ ಬ್ರಶ್ಶಿನಿಂದ ತಿಕ್ಕಿ ತೊಳೀರಿ; ಬ್ಯಾಟರಿ ಬೂಚು ಬಿಗಿ ಇರಲಿ, ಆ ನೀರು ಒಳಗ ಹೋಗಬಾರದು. ಒಣಗಿದ ಮ್ಯಾಲ ಬಿಗಿ ಮಾಡಿ ಚೂರು ವ್ಯಾಸಲೀನ್ ಹಚ್ಚರಿ. ಮೈನಸ್ ವಾಯರಿನ ಇನ್ನೊಂದು ತುದಿ ಗಾಡಿ ಮೈಗೆ ಕೂಡೋ ಜಾಗಾ ಮರೀಬ್ಯಾಡ್ರಿ. ಕೆಸರು, ಜಂಗು ಅಲ್ಲೇ ಹಿಡಿತೈತಿ, ಅದನ್ನ ಯಾರೂ ನೋಡಂಗಿಲ್ಲ.

ಇಷ್ಟಾದ ಮ್ಯಾಲೂ ತಿರಗದಿದ್ರ ಮೇಸ್ತ್ರೀನ ಕರೀರಿ. ಸುಮ್ಮನ ಚಾವಿ ಹಿಡಕೊಂಡೇ ಕುಂತ್ರ ಸೆಲ್ಫ್ ಕಾದು ಸುಡತೈತಿ. ಹತ್ತು ಸೆಕೆಂಡ್ ಹೊಡದು, ಅರ್ಧ ಒಂದು ನಿಮಿಷ ಬಿಡಬೇಕು. ಮೇಸ್ತ್ರಿ "ಸೆಲ್ಫೇ ಹೊಸಾದು ಹಾಕಬೇಕು" ಅಂದ್ರ ಕಾರ್ಬನ್ ಸವದಾವೇನು, ಬುಶ್ ಹೋಗ್ಯಾವೇನು, ಬಿಚ್ಚಿ ತೋರಸು ಅನ್ರಿ. ಅವಷ್ಟೇ ಬದಲಿ ಮಾಡಿದ್ರ ಎಷ್ಟೋ ಸೆಲ್ಫ್ ಮತ್ತ ನಡಿತಾವ.

ಇನ್ನ ಕೆಲವರು ಕ್ಲಚ್ಚಿನ ಸ್ವಿಚ್ ಕೆಟ್ರ ಹೊಸಾದು ಹಾಕಂಗಿಲ್ಲ, ಎರಡು ವಾಯರ್ ಕೂಡಿಸಿ ಟೇಪ್ ಸುತ್ತಿ ಕಳಸತಾರ. ನಿಮ್ಮ ಮನಿ ಟ್ರ್ಯಾಕ್ಟರಿಗೆ ಹಂಗ ಮಾಡ್ಯಾರೇನು ನೋಡಬೇಕಂದ್ರ, ಸೀಟಿನ ಮ್ಯಾಲ ಕುಂತು, ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದು, ಕ್ಲಚ್ ತುಳೀದ ಚಾವಿ ತಿರುವಾಕ ಹೇಳ್ರಿ. ಕ್ಲಚ್ಚಿಗೆ ಸ್ವಿಚ್ ಇರೋ ಗಾಡಿ ಹಂಗೂ ಚಾಲೂ ಆದ್ರ, ಆ ಮೇಸ್ತ್ರೀನ ಮನೀಗೆ ಕರಸಿ ಚಾ ಕೊಡೂಕಿಂತ ಮದಲ ಟೇಪ್ ಬಿಚ್ಚಸರಿ.