ಹೊಯ್ಸಳರ ಹೊನ್ನು



ರಜೆಯ ದಿನಗಳಲ್ಲಿ ಅರಸೀಕೆರೆಯ ಮಾರ್ಗವಾಗಿ ಹಳೇಬೀಡು, ಬೇಲೂರುಗಳಿಗೆ ಹೋಗಿಬರುವ ಕುಟುಂಬಗಳು ಅನೇಕ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನೂ ಬೇಲೂರಿನ ಮದನಿಕೆಯರನ್ನೂ ಮಕ್ಕಳಿಗೆ ತೋರಿಸಿ ನಾವು ಹಿಗ್ಗುತ್ತೇವೆ. “ಇಷ್ಟೆಲ್ಲ ಕಟ್ಟಿಸಿದವರ ಕಾಲದ ದುಡ್ಡು ಹೇಗಿತ್ತು?” ಎಂದು ಮಗುವೊಂದು ಕೇಳಿದರೆ ಮಾತ್ರ ನಮ್ಮಲ್ಲಿ ಅನೇಕರು ನಿರುತ್ತರರಾಗುತ್ತೇವೆ. ಈ ಸಲ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ.

ಹೊಯ್ಸಳರದು ಮೊದಲು ಮಲೆನಾಡಿನ ಒಂದು ಪುಟ್ಟ ರಾಜ್ಯ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಅವರ ಸೊಸೆವೂರು. ಅಲ್ಲಿಂದ ಬೇಲೂರಿಗೆ, ಬಳಿಕ ದೋರಸಮುದ್ರಕ್ಕೆ, ಅಂದರೆ ಹಳೇಬೀಡಿಗೆ ಬಂದು ನೆಲೆಸಿದರು. ಕಲ್ಯಾಣದ ಚಾಲುಕ್ಯರಿಗೆ ಅವರು ಸಾಮಂತರು. ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದನು. ಮರುವರ್ಷ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಆ ವಿಜಯವನ್ನು ಅವನು ಕಲ್ಲಿನಲ್ಲಿ ಮಾತ್ರವಲ್ಲ, ಚಿನ್ನದಲ್ಲಿಯೂ ಬರೆಯಿಸಿದನು.

ಅವನ ಗದ್ಯಾಣವು ಸುಮಾರು 4 ಗ್ರಾಂ ತೂಕದ ಹೊನ್ನಿನ ನಾಣ್ಯ. ಒಂದು ಮುಖದಲ್ಲಿ ಸಿಂಹ. ಇನ್ನೊಂದು ಮುಖದಲ್ಲಿ ಅಚ್ಚಗನ್ನಡದ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದು. ‘ಶ್ರೀ ನೊಳಂಬವಾಡಿಗೊಂಡ’ ಎಂದು ಬರೆದ ನಾಣ್ಯಗಳೂ ದೊರೆತಿವೆ. ‘ಗೊಂಡ’ ಎಂದರೆ ಗೆದ್ದುಕೊಂಡವನು. ಸಾಮಂತನೊಬ್ಬನು ತನ್ನದೇ ಬಿರುದಿನ ಹೊನ್ನನ್ನು ಟಂಕಿಸುವುದೆಂದರೆ, ತಾನು ಯಾರ ಆಳೂ ಅಲ್ಲವೆಂದು ಸಾರಿದಂತೆಯೇ ಸರಿ. ಯುದ್ಧದ ಸುದ್ದಿ ಸಂತೆಯಲ್ಲಿ ಕೈಯಿಂದ ಕೈಗೆ ದಾಟಿತು. ಮುಂದೆ ವಿಜಯನಗರದ ಅನೇಕ ನಾಣ್ಯಗಳು ನಾಗರಿ ಲಿಪಿಯನ್ನು ಧರಿಸಿದುದನ್ನು ನೆನೆದಾಗ, ಈ ಕನ್ನಡದ ಬೆಲೆ ಇನ್ನಷ್ಟು ತಿಳಿಯುತ್ತದೆ.

ಇನ್ನು ಲೆಕ್ಕದ ಮಾತು. ಒಂದು ಗದ್ಯಾಣಕ್ಕೆ 10 ಪಣ. ಒಂದು ಪಣಕ್ಕೆ 4 ಹಾಗ ಅಥವಾ 16 ವೀಸ. ಈ ಪಣವೇ ನಮ್ಮ ಬಾಯಲ್ಲಿ ‘ಹಣ’ವಾಯಿತು; ಒಂದು ನಾಣ್ಯದ ಹೆಸರು ಸಂಪತ್ತಿಗೆಲ್ಲ ಹೆಸರಾಗಿ ನಿಂತಿತು. ಹದಿನಾರರ ಲೆಕ್ಕವೂ ಬಹುಕಾಲ ಬಾಳಿತು. ರೂಪಾಯಿಗೆ 16 ಆಣೆಯೆಂದು ಎಣಿಸುತ್ತಿದ್ದ ನಮ್ಮ ಹಿರಿಯರು 1957ರ ಏಪ್ರಿಲ್ 1ರಂದು ನೂರು ಪೈಸೆಯ ಲೆಕ್ಕಕ್ಕೆ ಹೊರಳಿದರು.

ಹೊನ್ನು ಅರಸನ ಭಂಡಾರದಲ್ಲಿ ಮಾತ್ರ ಇರಲಿಲ್ಲವೆಂಬುದಕ್ಕೆ ಶಾಸನಗಳೇ ಸಾಕ್ಷಿ. ಭಕ್ತರು ಕೆಲವು ಗದ್ಯಾಣಗಳನ್ನು ಶಾಶ್ವತವಾಗಿ ಇರಿಸುತ್ತಿದ್ದರು. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ ನಂದಾದೀಪದ ಎಣ್ಣೆಯೋ ಹೂವೋ ಅಭಿಷೇಕದ ಹಾಲೋ ನಡೆಯುತ್ತಿತ್ತು. ಇಂದಿನ ದತ್ತಿನಿಧಿಯ ಕ್ರಮವೂ ಇದೇ ಅಲ್ಲವೇ? ದುಡಿದ ಹಣವನ್ನು ಮುಂದಿನವರ ಬೆಳಕಿಗಾಗಿ ಇಡುವ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿಗೆ ಕಾವಲು ದೊರೆಯಿತು. ಆದರೆ ಅಂಗೈಯಲ್ಲಿ ಅಡಗುವ ನಾಣ್ಯಕ್ಕೆ ಕಾವಲು ಯಾರು? ಅದು ಅಕ್ಕಸಾಲೆಯ ಮೂಸೆಗೆ ಬಿದ್ದರೆ ಉಳಿಯುವುದು 4 ಗ್ರಾಂ ಚಿನ್ನ ಮಾತ್ರ. ಸುಮಾರು ಒಂಬೈನೂರು ವರ್ಷ ಬಾಳಿದ ಕನ್ನಡದ ಸಾಲು ಗಳಿಗೆಯಲ್ಲಿ ಕರಗಿಹೋಗುತ್ತದೆ. ಕಲ್ಲು ಒಡೆದರೆ ಚೂರಾದರೂ ಉಳಿದೀತು. ಕರಗಿದ ನಾಣ್ಯದ ಗುರುತೇ ಇಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯವಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿರಿ, ಕರಗಿಸಬೇಡಿರಿ. ಬಲ್ಲವರಿಗೆ ತೋರಿಸಿ ಓದಿಸಿರಿ. ಹೊಲ ಉಳುವಾಗ, ಪಾಯ ತೋಡುವಾಗ ನಿಧಿ ದೊರೆತರೆ ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ; ಕಾನೂನೂ ಅದನ್ನೇ ವಿಧಿಸುತ್ತದೆ. ಮುಂದಿನ ಸಲ ಬೇಲೂರಿಗೆ ಹೋದಾಗ, ಮಗು ಕೇಳುವ ಮೊದಲೇ ತಳಕಾಡುಗೊಂಡನ ಹೊನ್ನಿನ ಕಥೆಯನ್ನು ಹೇಳಿರಿ.