ಮೇಜಿನ ಮೇಲೆ ಬೆತ್ತ ಇಟ್ಟು ಹಕ್ಕಿನ ಪಾಠ ಮಾಡಬಹುದೇ?

ಈಗ ನಮ್ಮ ಹೆಚ್ಚಿನ ಮಕ್ಕಳಿಗೆ ಸಂವಿಧಾನದ ಪೀಠಿಕೆ ಬಾಯಿಪಾಠ ಉಂಟು. 2023ರಿಂದ ರಾಜ್ಯ ಸರ್ಕಾರ ಶಾಲೆಗಳಲ್ಲಿ ಪೀಠಿಕೆ ಓದಿಸಲು ಒತ್ತು ಕೊಟ್ಟಿದೆ. ಆ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ರಾಜ್ಯದಾದ್ಯಂತ ಪೀಠಿಕೆ ಓದುವ ಕಾರ್ಯಕ್ರಮವೇ ನಡೆಯಿತು. ಒಳ್ಳೆಯ ಕೆಲಸ. ಆದರೆ ಮೊನ್ನೆ ಎಂಟನೇ ತರಗತಿಯ ಹುಡುಗನೊಬ್ಬ ಎಲ್ಲಿಯೂ ತಡೆಯದೆ ಪೀಠಿಕೆ ಹೇಳಿ ಮುಗಿಸಿದಾಗ ನಾನು ಕೇಳಿದೆ: "ವ್ಯಕ್ತಿ ಗೌರವ ಅಂದ್ರೆ ಏನು?" ಅವನು ತಲೆ ಕೆರೆದುಕೊಂಡ. ಪಕ್ಕದವನು, "ದೊಡ್ಡವರಿಗೆ ಮರ್ಯಾದೆ ಕೊಡುದು ಉಸ್ತಾದ್" ಅಂದ. ಅರ್ಧ ಸರಿ. ಚಿಕ್ಕವರಿಗೂ ಆ ಮರ್ಯಾದೆ ಸಲ್ಲಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಬಾಯಿಪಾಠ ಮಾಡಿಸುವುದೇ ನನ್ನ ಕೆಲಸ. ಅದರ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಮಾನವ ಹಕ್ಕುಗಳ ಶಿಕ್ಷಣದ ಬಗ್ಗೆ ವಿಶ್ವಸಂಸ್ಥೆ 2011ರ ಡಿಸೆಂಬರ್‌ನಲ್ಲಿ ಒಂದು ಘೋಷಣೆ ಅಂಗೀಕರಿಸಿತು. ಅದರ ಪ್ರಕಾರ ಈ ಶಿಕ್ಷಣಕ್ಕೆ ಮೂರು ಭಾಗ. ಹಕ್ಕುಗಳು ಯಾವುವು ಎಂದು ತಿಳಿಯುವುದು ಮೊದಲನೆಯದು. ಕಲಿಸುವವರ, ಕಲಿಯುವವರ ಹಕ್ಕನ್ನು ಗೌರವಿಸುವ ರೀತಿಯಲ್ಲೇ ಕಲಿಸುವುದು ಎರಡನೆಯದು. ತನ್ನ ಹಕ್ಕು ಬಳಸಲು, ಇತರರ ಹಕ್ಕು ಕಾಯಲು ಶಕ್ತಿ ಕೊಡುವುದು ಮೂರನೆಯದು. ನಾವು ಮೊದಲನೆಯದರಲ್ಲೇ ನಿಂತುಬಿಟ್ಟಿದ್ದೇವೆ.

ಮುಂದಕ್ಕೆ ಹೋಗಲು ಚಟುವಟಿಕೆ ಬೇಕು. ಯುರೋಪಿನ ಕೌನ್ಸಿಲ್ 2002ರಲ್ಲಿ ಯುವಜನರಿಗಾಗಿ 'ಕಂಪಾಸ್' ಎಂಬ ಕೈಪಿಡಿ ಹೊರತಂದಿತು. ಅದರಲ್ಲಿ 'ಒಂದು ಹೆಜ್ಜೆ ಮುಂದೆ' ಎಂಬ ಆಟ ಉಂಟು. ಖರ್ಚು ಏನೂ ಇಲ್ಲ, ಚೀಟಿ ಬರೆಯಲು ಕಾಗದ ಸಾಕು. ನಾನು ಅದನ್ನು ನಮ್ಮ ಊರಿಗೆ ಹೊಂದಿಸಿಕೊಂಡೆ. ಬೀಡಿ ಕಟ್ಟುವ ತಾಯಿಯ ಮಗಳು, ಬಂದರಿನ ಬೋಟಿನಲ್ಲಿ ದುಡಿಯುವ ಬಿಹಾರದ ಹುಡುಗ, ಗಲ್ಫಿನಲ್ಲಿ ತಂದೆ ಇರುವ ಹುಡುಗ, ಕೊರಗ ಕಾಲನಿಯ ವಿದ್ಯಾರ್ಥಿ, ಗಾಲಿಕುರ್ಚಿಯ ಹುಡುಗಿ, ಡಾಕ್ಟರ ಮಗ - ಹೀಗೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಯಾರೂ ಇನ್ನೊಬ್ಬರಿಗೆ ತೋರಿಸಬಾರದು. ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ನಾನು ಒಂದೊಂದೇ ವಾಕ್ಯ ಓದುತ್ತೇನೆ: 'ಕಾಯಿಲೆ ಬಂದರೆ ಅದೇ ದಿನ ನನಗೆ ಡಾಕ್ಟರ್ ಸಿಗುತ್ತಾರೆ', 'ಪೊಲೀಸರ ಹತ್ತಿರ ಹೋದರೆ ನನ್ನ ಮಾತು ಕೇಳುತ್ತಾರೆ', 'ಮನೆಯ ತೀರ್ಮಾನದಲ್ಲಿ ನನ್ನ ಅಭಿಪ್ರಾಯ ಕೇಳುತ್ತಾರೆ'. ಚೀಟಿಯಲ್ಲಿರುವವರಿಗೆ ಅದು ನಿಜವಾದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ಅಲ್ಲಿಯೇ.

ಹದಿನೈದು ವಾಕ್ಯ ಮುಗಿಯುವಾಗ ಡಾಕ್ಟರ ಮಗ ಗೋಡೆ ಮುಟ್ಟಿದ್ದ. ಬೋಟಿನ ಹುಡುಗ ಗೆರೆ ಬಿಟ್ಟೇ ಇರಲಿಲ್ಲ. ಆ ಚೀಟಿ ಹಿಡಿದವನು, "ಉಸ್ತಾದ್, ಎಲ್ಲರ ಬೆನ್ನು ಮಾತ್ರ ಕಾಣ್ತಾ ಇತ್ತು" ಅಂದ. ಸಮಾನತೆಯ ಬಗ್ಗೆ ನಾನು ಒಂದು ಗಂಟೆ ಮಾತಾಡಿದ್ದರೂ ಆ ಮಾತು ಬರುತ್ತಿರಲಿಲ್ಲ. ಒಂದು ಎಚ್ಚರಿಕೆ: ಯಾವ ಮಗುವಿಗೂ ಅದರ ಸ್ವಂತ ಮನೆಯ ಕಷ್ಟದ ಚೀಟಿ ಸಿಗದಂತೆ ನೋಡಬೇಕು. ಆಟ ಮುಗಿದ ಮೇಲೆ ಕೂತು ಮಾತಾಡಲು ಸಮಯ ಬಿಡಬೇಕು. ನಿಜವಾದ ಪಾಠ ಆಗುವುದು ಅಲ್ಲಿ.

ಪಾಠ ಆದದ್ದು ನನಗೂ. ಕೊನೆಯಲ್ಲಿ ಒಬ್ಬ ಮೆಲ್ಲಗೆ ಹೇಳಿದ: "'ತಪ್ಪಿದರೆ ಪೆಟ್ಟು ಬೀಳುವ ಹೆದರಿಕೆ ಇಲ್ಲ' ಅಂತ ಒಂದು ವಾಕ್ಯ ಓದಿದ್ರೆ ಯಾರೂ ಮುಂದೆ ಬರ್ಲಿಕ್ಕಿಲ್ಲ ಉಸ್ತಾದ್." ನನ್ನ ಬೆತ್ತ ಮೇಜಿನ ಮೇಲೆಯೇ ಇತ್ತು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ 2012ರ ತಿದ್ದುಪಡಿಯಲ್ಲಿ ಮದ್ರಸ, ವೇದಪಾಠಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಡಲಾಯಿತು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಅದು ಬೇಕಿತ್ತು, ಸರಿ. ಹಾಗಂತ ಅದು ಹೊಡೆಯಲು ಸಿಕ್ಕಿದ ಪರವಾನಗಿ ಅಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆ ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತೆ ಇರಬೇಕು ಅನ್ನುತ್ತದೆ. ಬೆಳಿಗ್ಗೆ ಮದ್ರಸಕ್ಕೆ ಬರುವ ಮಗುವೇ ಆಮೇಲೆ ಶಾಲೆಗೆ ಹೋಗುವುದು. ಒಂದು ಬಾಗಿಲಲ್ಲಿ ಇದ್ದ ಘನತೆ ಇನ್ನೊಂದು ಬಾಗಿಲಲ್ಲಿ ಇಲ್ಲದೆ ಹೋಗ್ತದಾ?

"ಹಕ್ಕು ಕಲಿಸಿದ್ರೆ ಮಕ್ಳು ತಲೆ ಮೇಲೆ ಕೂರ್ತಾರೆ" ಎಂದು ಹೆತ್ತವರು ಹೇಳುವುದುಂಟು. ಮದುರೆಯ ಪೀಪಲ್ಸ್ ವಾಚ್ ಸಂಸ್ಥೆ 1997ರಲ್ಲಿ ತಮಿಳುನಾಡಿನ ಶಾಲೆಗಳಲ್ಲಿ ಮಾನವ ಹಕ್ಕುಗಳ ಪಾಠ ಆರಂಭಿಸಿತು. ಆಮೇಲೆ ಅದು ಕರ್ನಾಟಕಕ್ಕೂ ಬಂತು. ಈ ಕಾರ್ಯಕ್ರಮವನ್ನು ಅಧ್ಯಯನ ಮಾಡಿದ ಮೋನಿಶಾ ಬಜಾಜ್, ಪಾಠ ಮಾಡಲು ತರಬೇತಿ ಪಡೆದ ಶಿಕ್ಷಕರಲ್ಲಿ ಕೆಲವರು ತಾವೇ ಬೆತ್ತ ಬಿಟ್ಟದ್ದನ್ನು ದಾಖಲಿಸಿದ್ದಾರೆ. ಅಂದರೆ ಈ ಪಾಠ ಮೊದಲು ತಾಗುವುದು ಕಲಿಸುವವರಿಗೆ. ನಮಗಿರುವ ಹೆದರಿಕೆಯೂ ಬಹುಶಃ ಅದೇ.

ಹಕ್ಕು ಎಂಬ ಶಬ್ದ ಕನ್ನಡಕ್ಕೆ ಬಂದದ್ದೇ ಅರಬಿಯ 'ಹಕ್ಕ್'ನಿಂದ. ಮನುಷ್ಯರ ಹಕ್ಕಿನ ಬಗ್ಗೆ, ಹಕ್ಕುಲ್ ಇಬಾದ್ ಬಗ್ಗೆ ನಾವು ಗಂಟೆಗಟ್ಟಲೆ ಹೇಳುತ್ತೇವೆ. ಎದುರು ಕೂತ ಮಗುವೂ ಆ ಲೆಕ್ಕದಲ್ಲಿ ಉಂಟು ಎಂಬುದನ್ನು ಮರೆಯುತ್ತೇವೆ.

ಶುರು ಮಾಡಲು ದೊಡ್ಡ ಯೋಜನೆ ಬೇಡ. ವರ್ಷದ ಆರಂಭದಲ್ಲಿ ತರಗತಿಯ ನಿಯಮಗಳನ್ನು ಮಕ್ಕಳೇ ಚರ್ಚಿಸಿ ಬರೆಯಲಿ, ಉಸ್ತಾದರಿಗೂ ಅದರಲ್ಲಿ ನಿಯಮ ಇರಲಿ. ಹೆದರಿಕೆ ಆಗುವ ಜಾಗ ಯಾವುದು ಎಂದು ಮದ್ರಸದ ನಕ್ಷೆ ಬಿಡಿಸಿ ಗುರುತು ಹಾಕಲಿ. ತಿಂಗಳಿಗೊಂದು ಪಿರಿಯಡ್ ಸಾಕು. ಜಮಾಅತ್ ಕಮಿಟಿಯವರು ವಾರ್ಷಿಕ ಸಭೆಯಲ್ಲಿ ಕಟ್ಟಡದ ಲೆಕ್ಕ ಕೇಳುವಾಗ ಇದರ ಲೆಕ್ಕವನ್ನೂ ಕೇಳಲಿ.

ನಮ್ಮ ತರಗತಿಯ ಮಕ್ಕಳು ಒಂಬತ್ತು ನಿಯಮ ಬರೆದು ಗೋಡೆಗೆ ಅಂಟಿಸಿದ್ದಾರೆ. ಎಂಟು ಅವರಿಗೆ, ಒಂದು ನನಗೆ. ಬೆತ್ತ ಈಗ ಮೇಜಿನ ಮೇಲೆ ಇಲ್ಲ. ತರಗತಿಯಲ್ಲಿ ಗಲಾಟೆ ಸ್ವಲ್ಪ ಜಾಸ್ತಿ ಆಗಿದೆ, ಸುಳ್ಳು ಹೇಳುವುದಿಲ್ಲ. ಪ್ರಶ್ನೆಗಳೂ ಜಾಸ್ತಿ ಆಗಿವೆ.