ಎಚ್‌ಎಂಟಿ ವಾಚಿಗೆ ಅತ್ತಿದ್ದು ಸಾಕು, ಟ್ರ್ಯಾಕ್ಟರ್ ಲೆಕ್ಕ ನೋಡಿ

ರೈತ ಬಾಂಧವರೇ, ಎಚ್‌ಎಂಟಿ ಅಂದ ಕೂಡಲೇ ನಮ್ಮ ಕಡೆ ಎರಡೇ ಮಾತು. "ಎಂಥಾ ವಾಚು, ಈಗೆಲ್ಲಿ ಸಿಗುತ್ತೆ" ಅಂತ ಒಬ್ಬರು. "ಸರ್ಕಾರಿ ಕಂಪನಿ, ಕೆಲಸ ಮಾಡದೆ ಮುಳುಗಿಸಿದ್ರು" ಅಂತ ಇನ್ನೊಬ್ಬರು. ನಾನು ಎರಡನ್ನೂ ಒಪ್ಪೋದಿಲ್ಲ.

1953ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದು ವಾಚಿನ ಕಂಪನಿಯೇ ಅಲ್ಲ. ಲೇತ್‌ನಂಥ ಮಿಷಿನ್ ಮಾಡೋ ಕಂಪನಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚಿಗೆ ಕೈ ಹಾಕಿತು. 1960ರ ದಶಕದ ಕೊನೆಗೆ ಮಿಷಿನ್ ಆರ್ಡರ್ ಬಿದ್ದುಹೋದಾಗ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿ ಜೊತೆ ಸೇರಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ 25 ಎಚ್‌ಪಿ ಟ್ರ್ಯಾಕ್ಟರ್ ತಯಾರಿಸಿತು. ಪ್ರಿಂಟಿಂಗ್ ಮಿಷಿನ್ನೂ ಮಾಡಿತು, ಬಲ್ಬೂ ಮಾಡಿತು. ಆಗಲೂ ಅದು ಸರ್ಕಾರಿ ಕಂಪನಿಯೇ ತಾನೇ?

1984ರಲ್ಲಿ ಟೈಟನ್ ಹುಟ್ಟಿತು, ಪಕ್ಕದ ಹೊಸೂರಲ್ಲೇ ಫ್ಯಾಕ್ಟರಿ. ಜನಕ್ಕೆ ಸೆಲ್ ಹಾಕೋ ವಾಚು ಬೇಕಾಗಿತ್ತು. ಎಚ್‌ಎಂಟಿಗೆ ಅದು ಬರ್ತಿರಲಿಲ್ಲ ಅಂತಲ್ಲ, ಟೈಟನ್‌ಗಿಂತ ಮೊದಲೇ ಮಾಡಿತ್ತು. ಆದ್ರೆ ಕೀ ಕೊಡೋ ವಾಚನ್ನೇ ನೆಚ್ಚಿಕೊಂಡು ಕೂತಿತು. ಯಾವ ವಾಚು ಎಷ್ಟು ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಬೆಂಚಿನ ಮುಂದೆ ಕೂತು ಮುಳ್ಳು ಜೋಡಿಸಿದ ಹೆಣ್ಣುಮಕ್ಕಳಲ್ಲ. ತೀರ್ಮಾನ ಮೇಲಿನೋರದ್ದು, ಬೈಗುಳ ಮಾತ್ರ ಕೆಳಗಿನೋರಿಗೆ.

2016ರ ಜನವರಿಯಲ್ಲಿ ವಾಚಿನ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ರ್ಯಾಕ್ಟರ್ ವಿಭಾಗಕ್ಕೂ ಅದೇ ಗತಿ. ವಾಚಿಗೆ ಊರೆಲ್ಲ ಅತ್ತಿತು. ಟ್ರ್ಯಾಕ್ಟರ್‌ಗೆ ನಾವಾದ್ರೂ ಅಳಬೇಕಿತ್ತು, ಅಳಲಿಲ್ಲ.

ಯಾಕೆ ಅಳಬೇಕಿತ್ತು? 2005ರಲ್ಲಿ ಐಷರ್ ಟ್ರ್ಯಾಕ್ಟರನ್ನ ಮ್ಯಾಸಿ ಮಾಡೋ ಟಾಫೆ ಕೊಂಡಿತು. 2007ರಲ್ಲಿ ಸ್ವರಾಜ್ ಮಹೀಂದ್ರಾ ಪಾಲಾಯಿತು. ಬಾನೆಟ್ ಮೇಲೆ ಹೆಸರು ನಾಲ್ಕು, ಯಜಮಾನರು ಇಬ್ಬರು. ಕೊನೆಕೊನೆಗೆ ಎಚ್‌ಎಂಟಿ ಮಾರ್ತಿದ್ದದ್ದು ಕಮ್ಮಿಯೇ ಇರಬಹುದು, ಆದ್ರೂ ಅದು ಇನ್ನೊಂದು ಅಂಗಡಿ. ಷೋರೂಂನಲ್ಲಿ "ಬಿಡಪ್ಪ, ಬೇರೆ ಕಡೆ ನೋಡ್ತೀನಿ" ಅನ್ನೋಕೆ ಬೇರೆ ಕಡೆ ಅಂತ ಒಂದು ಇರಬೇಕಲ್ಲ?

ನಷ್ಟಕ್ಕೆ ಎಷ್ಟು ವರ್ಷ ದುಡ್ಡು ಸುರಿಯೋದು ಅಂತೀರಿ. ಸುರಿಯೋದು ಬೇಡ, ಸರಿ. 1971ರಲ್ಲಿ ಬದಲಾಗೋಕೆ ಬಂದ ಕಂಪನಿಗೆ ಆಮೇಲೆ ಯಾಕೆ ಆಗಲಿಲ್ಲ ಅಂತ ಮೇಲೆ ಕೂತೋರನ್ನ ಕೇಳಬೇಕಿತ್ತು. ಕೇಳದೆ ಬೀಗ ಹಾಕಿದ್ರು, ನಾವು ಚಪ್ಪಾಳೆ ತಟ್ಟಿದ್ವಿ.

ಇನ್ನೊಂದು ಸರ್ಕಾರಿ ಕಂಪನಿ ಮುಚ್ಚುತ್ತೆ ಅಂದಾಗ ಕೈ ತಟ್ಟೋ ಮುಂಚೆ ಒಂದೇ ಲೆಕ್ಕ ಹಾಕಿ: ಅದು ಹೋದ ಮೇಲೆ ನಾವು ಯಾರ ಹತ್ರ ಚೌಕಾಸಿ ಮಾಡೋದು?